ಹಳೇ ಮಿಯಾಟಾ ಮಾಡಿಫೈ ಮಾಡೋಕೆ ಯಾವ ವರ್ಷದ್ದು ತಗೋಬೇಕು? 1990ರಿಂದ 2005ರವರೆಗಿನ ಗಾಡಿಗಳ ರಿವ್ಯೂ

ಮಜ್ದಾ ಮಿಯಾಟಾ, ಅಂದ್ರೆ ಎಂಎಕ್ಸ್-5, ಸೆಕೆಂಡ್ ಹ್ಯಾಂಡಲ್ಲಿ ತಗೊಂಡು ಮಾಡಿಫೈ ಮಾಡ್ಬೇಕು ಅನ್ನೋರು ಮೊದ್ಲು ಕೇಳೋದೇ ಎಷ್ಟು ಹಾರ್ಸ್‌ಪವರ್ ಬರುತ್ತೆ ಅಂತ. ನನ್ ಪ್ರಕಾರ ಅದು ಕೊನೇಲಿ ಕೇಳ್ಬೇಕಾದ್ದು. ಹೇಗಿದ್ರೂ ಆ ಇಂಜಿನ್ನಿಗೆ ನೀವು ಕೈ ಹಾಕೋದೇ, ಇಲ್ಲಾಂದ್ರೆ ಬೇರೆ ಇಂಜಿನ್ನೇ ಕೂರಿಸ್ತೀರ. ಅದಕ್ಕೆ ಹಿಂದ್ಗಡೆ ಯಾವ ಡಿಫರೆನ್ಷಿಯಲ್ (ಇಂಜಿನ್ ಪವರ್ ಎರಡು ಹಿಂದಿನ ಚಕ್ರಕ್ಕೂ ಹಂಚೋ ಗೇರ್ ಪೆಟ್ಟಿಗೆ) ಇದೆ, ಬಾಡಿಗೆ ಎಲ್ಲೆಲ್ಲಿ ತುಕ್ಕು ಹಿಡ್ದಿದೆ, ಇವೆರಡು ನೋಡಿ ವರ್ಷ ಆರಿಸ್ಕೊಳಿ. ನಾನಿಲ್ಲಿ ಹೇಳ್ತಿರೋ ವರ್ಷ, ಪವರ್ ಎಲ್ಲಾ ಅಮೆರಿಕದ ಮಾಡೆಲ್ ಲೆಕ್ಕ, ಬೇರೆ ದೇಶದ ಗಾಡಿಗಳಲ್ಲಿ ಸ್ವಲ್ಪ ಆಚೆ ಈಚೆ ಇರುತ್ತೆ.

1990ರಿಂದ 93ರವರೆಗಿನ ಗಾಡಿಲಿ 1.6 ಲೀಟರ್ ಇಂಜಿನ್, 116 ಹಾರ್ಸ್‌ಪವರ್. ಎಲ್ಲಾ ಮಿಯಾಟಾಗಿಂತ ಹಗುರ ಇದೇ, ಸ್ಟೀರಿಂಗ್ ಹಿಡಿದ್ರೆ ಖುಷಿ ಕೊಡೋದೂ ಇದೇ, ಅದ್ರಲ್ಲಿ ಎರಡ್ ಮಾತಿಲ್ಲ. ಟೈಮಿಂಗ್ ಬೆಲ್ಟ್ ಕಟ್ ಆದ್ರೂ ಪಿಸ್ಟನ್ ಹೋಗಿ ವಾಲ್ವಿಗೆ ಹೊಡಿಯಲ್ಲ, ಬೇರೆ ಬೆಲ್ಟ್ ಹಾಕಿ ಓಡಿಸ್ಬಹುದು. ಆದ್ರೆ ಡಿಫರೆನ್ಷಿಯಲ್ ಒಳಗಿರೋ ರಿಂಗ್ ಗೇರ್, ಅಂದ್ರೆ ದೊಡ್ಡ ಹಲ್ಲುಚಕ್ರ, ಬರೀ 6 ಇಂಚು. ಟರ್ಬೋ (ಇಂಜಿನ್ನಿಗೆ ಜಾಸ್ತಿ ಗಾಳಿ ತುಂಬಿ ಪವರ್ ಏರಿಸೋದು) ಹಾಕಿ ಒಳ್ಳೆ ಟೈರ್ ಹಾಕಿ ಕ್ಲಚ್ ಜೋರಾಗಿ ಬಿಟ್ರೆ ಯಾವತ್ತಾದ್ರೂ ಒಂದಿನ ಹೋಗೋದು ಗ್ಯಾರಂಟಿ. ಸರಿ ಬದಲಾಯಿಸ್ತೀನಿ ಅಂದ್ರೂ ಡಿಫರೆನ್ಷಿಯಲ್ ಒಂದೇ ತಂದ್ರೆ ಸಾಲಲ್ಲ, 1.8ರ ಡಿಫರೆನ್ಷಿಯಲ್ಲು, ಅದರ ಆಕ್ಸಲ್ಲುಗಳು, ಪ್ರೊಪೆಲ್ಲರ್ ಶಾಫ್ಟು ಎಲ್ಲಾ ಸೆಟ್ಟಾಗಿ ಹುಡುಕ್ಬೇಕು. ಅಷ್ಟೆಲ್ಲಾ ಮಾಡೋ ಬದ್ಲು 1.8 ಗಾಡಿನೇ ತಗೊಂಡ್ರೆ ಆಗಲ್ವಾ?

ಅದ್ರಲ್ಲೂ 1990, ಆಮೇಲೆ 91ರ ಶುರುವಿನ ಗಾಡಿಗಳಲ್ಲಿ ಕ್ರ್ಯಾಂಕ್ ಶಾಫ್ಟಿನ (ಪಿಸ್ಟನ್‌ಗಳು ತಿರುಗಿಸೋ ಇಂಜಿನ್ನಿನ ಮುಖ್ಯ ಶಾಫ್ಟು) ಮೂತಿ ಗಿಡ್ಡ, ಶಾರ್ಟ್ ನೋಸ್ ಅಂತಾರೆ. ಬೆಲ್ಟ್ ಕೆಲಸ ಮಾಡಿದೋರು ಮುಂದಿನ ಬೋಲ್ಟ್ ಸರಿಯಾಗಿ ಟೈಟ್ ಮಾಡಿಲ್ಲ ಅಂದ್ರೆ ಶಾಫ್ಟಿನ ಮೂತಿ ಮೇಲೆ ಕೂರೋ ಕೀ ಅನ್ನೋ ಲೋಹದ ಚೂರು ಅಲ್ಲಾಡಿ ಅಲ್ಲಾಡಿ ಅದು ಕೂರೋ ತೋಡೇ ಸವೆದ್ಹೋಗುತ್ತೆ, ಟೈಮಿಂಗ್ ತಪ್ಪುತ್ತೆ, ಕೊನೇಗೆ ಕ್ರ್ಯಾಂಕೇ ಬದಲಾಯಿಸೋ ಸ್ಥಿತಿ. ನೋಡೋಕೆ ಹೋದಾಗ ಬಾನೆಟ್ ತೆಗ್ದು ರೇಡಿಯೇಟರ್ ಮತ್ತೆ ಇಂಜಿನ್ ಮಧ್ಯದ ಸಂದಿಗೆ ಟಾರ್ಚ್ ಬಿಡಿ. ಕೆಳಗಿರೋ ಕ್ರ್ಯಾಂಕ್ ಪುಲ್ಲಿ ಮೇಲಿನ ಸೀಳುಗಳನ್ನ ಎಣಿಸಿ. ನಾಲ್ಕಿದ್ರೆ ಗಿಡ್ಡ ಮೂತಿ, ಎಂಟಿದ್ರೆ ಉದ್ದ ಮೂತಿ. ಓನರ್ "ಇಂಜಿನ್ ಸೂಪರ್ ಕಂಡೀಷನ್ ಸಾರ್" ಅಂತ ಏನೇ ಹೇಳ್ಲಿ, ಆ ಸೀಳು ಸುಳ್ಳು ಹೇಳಲ್ಲ (ಯಾರೋ ಇಂಜಿನ್ ಬದಲಾಯಿಸಿದ್ರೂ ಅಲ್ಲೇ ಗೊತ್ತಾಗುತ್ತೆ). ಅಲ್ಲೇ ನಿಂತಾಗ ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನ ಬಣ್ಣಾನೂ ನೋಡ್ಬಿಡಿ, ಕಪ್ಪಗಿರ್ಬೇಕು. ಕಂದು ಬಣ್ಣಕ್ಕೆ ತಿರುಗಿದ್ರೆ ಬಿರುಕು ಬಿಡೋ ಟೈಮ್ ಹತ್ರ ಬಂದಿದೆ ಅಂತ ಲೆಕ್ಕ. ಗಾಡಿ ಬೇಡ ಅನ್ನೋಕೆ ಇದು ಕಾರಣ ಅಲ್ಲ, ರೇಟ್ ಇಳಿಸೋಕೆ ಕಾರಣ ಅಷ್ಟೇ.

1994ರಿಂದ 97, ನನಗೆ ಇಷ್ಟ ಇಲ್ಲಿಂದ ಶುರು. 1.8 ಇಂಜಿನ್, ಮೊದ್ಲು 128 ಆಮೇಲೆ 133 ಹಾರ್ಸ್‌ಪವರ್, ಓದೋಕೆ ಏನೂ ದೊಡ್ಡ ವ್ಯತ್ಯಾಸ ಅನ್ಸಲ್ಲ. ಆದ್ರೆ ರಿಂಗ್ ಗೇರ್ 7 ಇಂಚು ಆಯ್ತು, ಕೆಲವು ಪ್ಯಾಕೇಜಲ್ಲಿ ಟಾರ್ಸೆನ್ ಲಿಮಿಟೆಡ್ ಸ್ಲಿಪ್ಪೂ (ಎಲ್‌ಎಸ್‌ಡಿ, ಒಂದು ಚಕ್ರ ಜಾರಿದ್ರೂ ಇನ್ನೊಂದಕ್ಕೆ ಪವರ್ ಕಳ್ಸೋ ಡಿಫರೆನ್ಷಿಯಲ್) ಸಿಗುತ್ತೆ, ಮುಂದಿನ ಬ್ರೇಕ್ ಡಿಸ್ಕ್ 235 ಮಿಲಿಮೀಟರಿಂದ 255ಕ್ಕೆ ಏರ್ತು, ಬಾಡಿಗೆ ಇನ್ನೊಂದಿಷ್ಟು ಬ್ರೇಸಿಂಗ್ ಕೊಟ್ರು, ಗಾಳಿ ಅಳೆಯೋಕೆ ಇದ್ದ ಆ ಹಳೇ ಬಾಗಿಲು ಥರದ ಮೀಟರ್ ಹೋಗಿ ಹಾಟ್ ವೈರ್ ಸೆನ್ಸರ್ ಬಂತು. ಪಾಪ್-ಅಪ್ ಹೆಡ್‌ಲೈಟೂ ಹಾಗೇ ಇದೆ. ಕಂಪ್ರೆಷನ್ (ಸಿಲಿಂಡರಲ್ಲಿ ಗಾಳಿ ಎಷ್ಟು ಪಟ್ಟು ಕುಗ್ಗುತ್ತೆ ಅನ್ನೋದು) ಬರೀ 9.0, ಅಂದ್ರೆ ಟರ್ಬೋ ಹಾಕೋರಿಗೆ ಸ್ವಲ್ಪ ನೆಮ್ಮದಿ. 1996ರಿಂದ ಒಬಿಡಿ-2 (ಸ್ಕ್ಯಾನರ್ ಚುಚ್ಚಿ ಇಂಜಿನ್ ದೋಷ ಓದೋ ವ್ಯವಸ್ಥೆ) ಬಂದಿರೋದ್ರಿಂದ, ನಿಮ್ ಕಡೆ ಎಮಿಷನ್ ಟೆಸ್ಟಲ್ಲಿ ಸ್ಕ್ಯಾನರ್ ಚುಚ್ತಾರೆ ಅಂದ್ರೆ, ಬೇರೆ ಇಸಿಯು (ಇಂಜಿನ್ ಕಂಪ್ಯೂಟರ್) ಹಾಕೋ ಪ್ಲಾನ್ ಇರೋರಿಗೆ 94-95 ವಾಸಿ.

ಟಾರ್ಸೆನ್ ಎಲ್ಲಾ ಗಾಡಿಲೂ ಇರಲ್ಲ, ಎಷ್ಟೋದ್ರಲ್ಲಿ ಮಾಮೂಲಿ ಓಪನ್ ಡಿಫರೆನ್ಷಿಯಲ್ಲೇ. ಜಾಹೀರಾತಲ್ಲಿ "ಎಲ್‌ಎಸ್‌ಡಿ ಇದೆ" ಅಂತ ಬರ್ದಿದ್ರೆ ಪೇಪರ್ ತೋರ್ಸಿ ಅನ್ನಿ.

1999-2000ದಲ್ಲಿ ಎರಡನೇ ತಲೆಮಾರು, ಎನ್‌ಬಿ. 98ರ ಮಾಡೆಲ್ ಇಯರ್ ಅಂತ ಅಮೆರಿಕದಲ್ಲಿ ಇಲ್ವೇ ಇಲ್ಲ, ಯಾರಾದ್ರೂ ಮಾರ್ತೀನಿ ಅಂದ್ರೆ ರಿಜಿಸ್ಟ್ರೇಷನ್ ಇನ್ನೊಂದ್ಸಲ ನೋಡಿ. ಪಾಪ್-ಅಪ್ ಲೈಟ್ ಹೋಯ್ತು ಅಂತ ಅಳೋರು ಅಳ್ಲಿ, ಸಿಲಿಂಡರ್ ಹೆಡ್ ಮಾತ್ರ ಹಳೇದಕ್ಕಿಂತ ಬಹಳ ಚೆನ್ನಾಗಿ ಉಸಿರಾಡುತ್ತೆ, 140 ಹಾರ್ಸ್‌ಪವರ್, ವಾಲ್ವ್ ತೆರೆಯೋ ಹೈಡ್ರಾಲಿಕ್ ಲಿಫ್ಟರ್ ಹೋಗಿ ಸಾಲಿಡ್ ಬಂತು, ಹಾಗಾಗಿ ಹಳೇವು ಬೆಳಗ್ಗೆ ಸ್ಟಾರ್ಟ್ ಮಾಡಿದ್ರೆ ಟಕಟಕ ಅನ್ನೋದೂ ಇಲ್ಲ. ಈ ಎರಡು ವರ್ಷದ ಕೆಲವು ಇಂಜಿನ್ನಲ್ಲಿ ಕ್ರ್ಯಾಂಕ್ ಹಿಂದೆ ಮುಂದೆ ಜರುಗದಂಗೆ ಹಿಡ್ಕೊಳ್ಳೋ ಥ್ರಸ್ಟ್ ಬೇರಿಂಗ್ ಹೋಗೋ ಕಥೆ ಇದೆ. ಇಂಜಿನ್ ಆಫ್ ಇದ್ದಾಗ ಯಾರಿಗಾದ್ರೂ ಕ್ಲಚ್ ಒತ್ತೋಕೆ ಹೇಳಿ ಪುಲ್ಲಿ ನೋಡ್ತಾ ಇರಿ, ಕಣ್ಣಿಗೆ ಕಾಣೋಷ್ಟು ಮುಂದೆ ಹಿಂದೆ ಜರುಗಿದ್ರೆ ಕೈ ಮುಗ್ದು ವಾಪಸ್ ಬನ್ನಿ.

2001-2005, ಟರ್ಬೋ ಹಾಕೋದೇ ಅಂತ ಕೂತಿದ್ರೆ ನನ್ನ ಓಟು ಇದಕ್ಕೆ. ವೇರಿಯಬಲ್ ವಾಲ್ವ್ ಟೈಮಿಂಗ್ (ಇಂಜಿನ್ ಓಡ್ತಾ ಇರೋವಾಗ್ಲೇ ವಾಲ್ವ್ ತೆರೆಯೋ ಸಮಯ ಬದಲಾಯಿಸೋದು) ಬಂತು, ಬಾಡಿ ಇನ್ನೂ ಗಟ್ಟಿ, ಲೋಹದ ಪದರಗಳ ಹೆಡ್ ಗ್ಯಾಸ್ಕೆಟ್, ಸ್ಪೋರ್ಟ್ ಸಸ್ಪೆನ್ಷನ್ ಇರೋ ಗಾಡಿಲಿ ಮುಂದಿನ ಡಿಸ್ಕ್ 270 ಮಿಲಿಮೀಟರ್. ಒಂದ್ ತಮಾಷೆ ಏನಂದ್ರೆ ಮಜ್ದಾದವ್ರು ಮೊದ್ಲು 155 ಹಾರ್ಸ್‌ಪವರ್ ಅಂತ ಹೇಳ್ಕೊಂಡು, ಆಮೇಲೆ 142 ಅಂತ ತಿದ್ದಿ, ಬೇಡ ಅಂದೋರ ಗಾಡಿ ವಾಪಸ್ ತಗೋತೀವಿ ಅಂದ್ರು. ಅದಕ್ಕೇ ಬರೀ ಪವರ್ ನಂಬರ್ ನೋಡಿ ಗಾಡಿ ಆರಿಸ್ಬೇಡಿ ಅನ್ನೋದು. ಕಂಪ್ರೆಷನ್ 10.0 ಇರೋದ್ರಿಂದ ಟ್ಯೂನಿಂಗ್ ಮಾಡೋನು ತಿಳ್ದೋನಾಗಿರ್ಬೇಕು. ಪಿಸ್ಟನ್ನನ್ನ ಕ್ರ್ಯಾಂಕಿಗೆ ಜೋಡಿಸೋ ಕನೆಕ್ಟಿಂಗ್ ರಾಡು ಈ ಎಲ್ಲಾ ವರ್ಷದಲ್ಲೂ ವೀಕೇ, ಟರ್ಬೋದಿಂದ ಜಾಸ್ತಿ ಬೂಸ್ಟ್ (ಗಾಳಿ ಒತ್ತಡ) ಕೊಟ್ರೆ ಮೊದ್ಲು ಬಗ್ಗೋದು ಅದೇ. 5 ಸ್ಪೀಡ್ ಗೇರ್‌ಬಾಕ್ಸೂ ಜಾಸ್ತಿ ಟಾರ್ಕ್ ತಡ್ಕೊಳಲ್ಲ, ಅದಕ್ಕೆ 6 ಸ್ಪೀಡ್ ಇರೋದೇ ಹುಡುಕಿ. ಶಿಫ್ಟ್ ಮಾಡೋಕೆ 5 ಸ್ಪೀಡೇ ಮಜಾ ಅನ್ನೋದು ಬೇರೆ ವಿಷಯ.

ಇನ್ನು ತುಕ್ಕು. ಎಲ್ಲಾ ವರ್ಷದಲ್ಲೂ ಬಾಗಿಲ ಕೆಳಗಿನ ಸಿಲ್, ಹಿಂದಿನ ಚಕ್ರದ ಹತ್ರ, ಬೆರಳಲ್ಲಿ ಒತ್ತಿ ನೋಡಿ. ಸಾಫ್ಟ್ ಟಾಪಿನ ನೀರು ಇಳಿಯೋ ತೂತು ಕಸ ಕಟ್ಕೊಂಡು ಆ ನೀರೆಲ್ಲಾ ಸಿಲ್ ಒಳಗೆ ನಿಂತಿರುತ್ತೆ, ಮೇಲೆ ಪೇಂಟ್ ಫಳಫಳ ಅಂತಿದ್ರೂ ಒಳಗೆ ಹಪ್ಪಳ. ಎನ್‌ಬಿ ಆದ್ರೆ ಇದರ ಜೊತೆ ಮುಂದಿನ ಚಾಸಿ ರೈಲೂ ನೋಡ್ಬೇಕು, ಅದು ಕೆಳಗಡೆ ಮಲಗಿದ್ರೇನೇ ಕಾಣೋದು. ಇಂಜಿನ್ ಕೆಟ್ಟಿದೆ ಬಾಡಿ ಚೆನ್ನಾಗಿದೆ ಅನ್ನೋ ಗಾಡಿ ಸಿಕ್ರೆ ಬಿಡ್ಬೇಡಿ, ಉಲ್ಟಾ ಇದ್ರೆ ಪುಕ್ಸಟ್ಟೆ ಕೊಟ್ರೂ ಬೇಡ.

2004-05ರ ಮಜ್ದಾಸ್ಪೀಡ್ ಬಗ್ಗೆ ಕೇಳೋರಿಗೆ: ಕಂಪನಿದೇ ಟರ್ಬೋ, 178 ಹಾರ್ಸ್‌ಪವರ್, 6 ಸ್ಪೀಡ್. ಬಂದಂಗೇ ಓಡಿಸ್ಕೊಂಡಿರ್ತೀನಿ ಅನ್ನೋರಿಗೆ ಒಳ್ಳೇ ಗಾಡಿ. ಆದ್ರೆ ಆ ಟರ್ಬೋ ಚಿಕ್ಕದು, ದೊಡ್ಡ ಪವರ್ ಬೇಕು ಅಂದ್ರೆ ಅದನ್ನೂ ಅದರ ಮ್ಯಾನಿಫೋಲ್ಡನ್ನೂ ಕಿತ್ತು ಬಿಸಾಕ್ಲೇಬೇಕು, ಹೀಗೆ ಬಿಸಾಕೋ ಪಾರ್ಟ್‌ಗಳಿಗೆ ಜಾಸ್ತಿ ದುಡ್ಡು ಯಾಕೆ ಕೊಡ್ತೀರ, ಮಾಮೂಲಿ 2001ರದ್ದೇ 6 ಸ್ಪೀಡ್ ತಗೊಂಡು ಉಳಿದ ದುಡ್ಡಲ್ಲಿ ಗಟ್ಟಿ ಕನೆಕ್ಟಿಂಗ್ ರಾಡ್ ಹಾಕಿಸ್ಕೊಳಿ.