ಎಂಜಿನ್ ನಾಕಿಂಗ್ ಹುಡುಕಲು ಕೊಂಡ ಒಬಿಡಿ ಸ್ಕ್ಯಾನರ್: ಎರಡೂವರೆ ವರ್ಷದ ಬಳಕೆಯ ಅನುಭವ

ನಂದಿ ಬೆಟ್ಟದ ಏರಿನಲ್ಲಿ ಕಾರು ಸದ್ದು ಮಾಡದೇ ಇದ್ದಿದ್ದರೆ ನಾನು ಈ ಒಬಿಡಿ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರ್‌ನ ಅಂಕಿಗಳನ್ನು ಫೋನಿನಲ್ಲಿ ತೋರಿಸುವ ಪುಟ್ಟ ಸಾಧನ, ಕೊಳ್ಳುತ್ತಲೇ ಇರಲಿಲ್ಲ. ನನ್ನದು 2015ರ ಪೆಟ್ರೋಲ್ ಕಾರು, ಆಗ 84,000 ಕಿ.ಮೀ. ಓಡಿತ್ತು. ಅಕ್ಕನ ಮನೆಯವರು ಬಂದಿದ್ದರು. ಐದು ಜನ, ಎಸಿ ಬೇರೆ. ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒತ್ತಿದರೆ ತಗಡಿನ ಡಬ್ಬಿಗೆ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ ಕಟಕಟ ಸದ್ದು. ಎರಡನೇ ಗೇರ್‌ಗೆ ಇಳಿಸಿದರೆ ಸದ್ದು ನಿಂತು ಹೋಗುತ್ತಿತ್ತು.

ಗೇರ್ ಇಳಿಸದೆ ಏರು ಹತ್ತಿಸಿದ್ದು ನನ್ನದೇ ತಪ್ಪು ಅಂತ ಸುಮ್ಮನಾದೆ. ಆದರೆ ವಾರದೊಳಗೆ ದೇವನಹಳ್ಳಿ ಕಡೆ ಹೋಗುವಾಗ, ಒಬ್ಬನೇ ಇದ್ದಾಗಲೂ ಫ್ಲೈಓವರ್ ಹತ್ತುವಾಗ ಅದೇ ಸದ್ದು. ಒಂದು ಗ್ಯಾರೇಜ್‌ನಲ್ಲಿ ಕೇಳಿ ನೋಡಿ, "ಬೇರಿಂಗ್ ಹೋಗಿದೆ, ಎಂಜಿನ್ ಬಿಚ್ಚಬೇಕು, 38,000 ಆಗುತ್ತೆ" ಅಂದರು. ನನಗೆ ನಂಬಿಕೆ ಬರಲಿಲ್ಲ. ಬೇರಿಂಗ್ ಸದ್ದು ದಪ್ಪ, ಧಡ್ ಧಡ್ ಅಂತ ಕೇಳುತ್ತದೆ. ಆಯಿಲ್ ಕಡಿಮೆಯಾಗಿ ಓಡಿಸಿದ ಕಾರುಗಳಲ್ಲಿ ಜಾಸ್ತಿ. ನನ್ನ ಕಾರಿನಲ್ಲಿ ಆಯಿಲ್ ಸರಿಯಾಗಿತ್ತು, ಸದ್ದು ತೆಳುವಾಗಿತ್ತು, ಭಾರ ಬಿದ್ದಾಗ ಮಾತ್ರ ಬರುತ್ತಿತ್ತು. ಅದು ಪೆಟ್ರೋಲ್ ಉರಿಯುವ ರೀತಿಯ ತೊಂದರೆ. ಪ್ಲಗ್‌ನಿಂದ ಶುರುವಾದ ಬೆಂಕಿ ತಲುಪುವ ಮೊದಲೇ ಸಿಲಿಂಡರ್‌ನ ಇನ್ನೊಂದು ಮೂಲೆಯ ಮಿಶ್ರಣ ಬಿಸಿಗೂ ಒತ್ತಡಕ್ಕೂ ತಾನೇ ಹೊತ್ತಿಕೊಂಡರೆ ಹೀಗಾಗುತ್ತದೆ. ಇದನ್ನೇ ನಾಕಿಂಗ್ ಅನ್ನುತ್ತಾರೆ.

ಮೊದಲು 95 ಆಕ್ಟೇನ್ ಪೆಟ್ರೋಲ್ ಹಾಕಿಸಿ ನೋಡಿದೆ. ಮಾಮೂಲಿ ಪೆಟ್ರೋಲ್‌ಗೆ ಇದ್ದದ್ದು 91. ಈ ಅಂಕ ಹೆಚ್ಚಿದ್ದಷ್ಟೂ ಪೆಟ್ರೋಲ್ ತಾನೇ ಹೊತ್ತಿಕೊಳ್ಳುವುದು ಕಡಿಮೆ. ಸದ್ದು ಕಡಿಮೆಯಾಯಿತು, ಹೋಗಲಿಲ್ಲ. ಆಗ 850 ರೂಪಾಯಿ ಕೊಟ್ಟು ಈ ಬ್ಲೂಟೂತ್ ಸ್ಕ್ಯಾನರ್ ತರಿಸಿದೆ. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸಿ, ಫೋನಿನ ಆ್ಯಪ್ ತೆರೆದರೆ ಆಯಿತು.

ಇದು "ನಾಕಿಂಗ್ ಇದೆ" ಅಂತ ಹೇಳುವುದಿಲ್ಲ. ಅದನ್ನು ನಿರೀಕ್ಷಿಸಿ ಕೊಳ್ಳಬೇಡಿ. ಅಂಕಿಗಳನ್ನು ತೋರಿಸುತ್ತದೆ, ಓದುವುದು ನಮ್ಮ ಕೆಲಸ. ಎಂಜಿನ್ ತಂಪು ಮಾಡುವ ಕೂಲಂಟ್ 92 ಡಿಗ್ರಿ ಇತ್ತು, ಹಾಗಾಗಿ ಎಂಜಿನ್ ಜಾಸ್ತಿ ಬಿಸಿಯಾಗುತ್ತಿಲ್ಲ. ಪಿ0325 ಕೋಡ್ ಬಂದಿರಲಿಲ್ಲ, ಅಂದರೆ ನಾಕಿಂಗ್ ಗುರುತಿಸುವ ನಾಕ್ ಸೆನ್ಸರ್‌ನ ಸರ್ಕ್ಯೂಟ್‌ನಲ್ಲಿ ದೋಷ ದಾಖಲಾಗಿಲ್ಲ. ಸದ್ದು ಬಂದಾಗ ಇಗ್ನಿಷನ್ ಟೈಮಿಂಗ್, ಅಂದರೆ ಪ್ಲಗ್ ಎಷ್ಟು ಮೊದಲೇ ಕಿಡಿ ಹಾರಿಸುತ್ತದೆ ಅನ್ನುವ ಅಂಕಿ, ಇಳಿಯುತ್ತಿತ್ತು. ಭಾರ ಹೆಚ್ಚಾದಾಗ ಅದು ಸ್ವಲ್ಪ ಇಳಿಯುವುದು ಸಹಜ, ಅದೊಂದನ್ನೇ ನೋಡಿ ತೀರ್ಮಾನ ಮಾಡಬಾರದು.

ನಿಜವಾದ ಸುಳಿವು ಸಿಕ್ಕಿದ್ದು ಫ್ಯೂಯಲ್ ಟ್ರಿಮ್‌ನಲ್ಲಿ. ಕಂಪ್ಯೂಟರ್ ಎಷ್ಟು ಪೆಟ್ರೋಲ್ ಹೆಚ್ಚಿಗೆ ಸೇರಿಸುತ್ತಿದೆ ಅನ್ನುವ ಲೆಕ್ಕ ಅದು. ಎಂಜಿನ್ ಚಾಲೂ ಇಟ್ಟು ನಿಂತಾಗ ಶೇ. 6, ಹೈವೇಯಲ್ಲಿ ಶೇ. 17! ವ್ಯಾಕ್ಯೂಮ್ ಪೈಪ್ ಸೀಳಿ ಗಾಳಿ ನುಗ್ಗುತ್ತಿದ್ದರೆ ಸಾಮಾನ್ಯವಾಗಿ ನಿಂತಾಗಲೇ ಜಾಸ್ತಿ ಇರುತ್ತದೆ. ವೇಗಕ್ಕೆ ಏರುತ್ತಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಗಾಳಿ ಅಳೆಯುವ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತಿದೆ. ಪೆಟ್ರೋಲ್ ಸಾಲದಿದ್ದರೂ ನಾಕಿಂಗ್ ಬರುತ್ತದೆ. ಇಷ್ಟಾದರೂ ಡ್ಯಾಶ್‌ಬೋರ್ಡ್‌ನಲ್ಲಿ ಲೈಟ್ ಬಂದಿರಲಿಲ್ಲ, ಅದು ಹತ್ತುವುದು ಟ್ರಿಮ್ ಇನ್ನೂ ಹೆಚ್ಚಾದ ಮೇಲೆ.

ಬಿ.ಬಿ. ರಸ್ತೆಯ ಇನ್ನೊಬ್ಬ ಮೆಕ್ಯಾನಿಕ್‌ಗೆ ಅಂಕಿಗಳನ್ನು ತೋರಿಸಿದೆ. ಅವರು ತಾಳ್ಮೆಯಿಂದ ನೋಡಿ ಟ್ಯಾಂಕಿನ ಪಂಪ್ ತೆಗೆದರು. ಅದರ ಜಾಲರಿ ತುಂಬಾ ಕಂದು ಕೆಸರು. ಜಾಲರಿ, ಪ್ಲಗ್ ಬದಲಿಸಿ, ಕೂಲಿ ಸೇರಿ 2,400 ರೂಪಾಯಿ. ಟ್ರಿಮ್ ಶೇ. 3ಕ್ಕೆ ಇಳಿಯಿತು, ಮಾಮೂಲಿ ಪೆಟ್ರೋಲ್‌ನಲ್ಲೇ ಸದ್ದು ನಿಂತಿತು. ಆ ದಿನ ನನಗಾದ ನೆಮ್ಮದಿ ಹೇಳತೀರದು.

ಕೊರತೆಗಳೂ ಇವೆ. ಪಿಸ್ಟನ್ ಮೇಲೆ ಕಟ್ಟಿದ ಕಾರ್ಬನ್ ಇದರಲ್ಲಿ ಕಾಣುವುದಿಲ್ಲ, ಅದೂ ನಾಕಿಂಗ್‌ಗೆ ದೊಡ್ಡ ಕಾರಣವೇ. ಅದಕ್ಕೆ ಪ್ಲಗ್ ತೂತಿನಿಂದ ಕ್ಯಾಮೆರಾ ಬಿಡಬೇಕು. ಒಮ್ಮೆ ಮದುವೆಗೆ ಹೋದಾಗ ಸಾಕೆಟ್‌ನಲ್ಲೇ ಬಿಟ್ಟಿದ್ದೆ, ನಾಲ್ಕು ದಿನಕ್ಕೆ ಬ್ಯಾಟರಿ ಖಾಲಿ. ಕೆಲಸ ಆದ ಮೇಲೆ ಕಿತ್ತಿಡಿ. ತಮ್ಮನ ಐಫೋನ್‌ಗೆ ಇದು ಕನೆಕ್ಟ್ ಆಗಲೇ ಇಲ್ಲ, ಅವರಿಗೆ ವೈಫೈ ಅಥವಾ ಐಫೋನ್‌ಗೆ ಹೊಂದುವ ಮಾದರಿ ಬೇಕು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಈಗಲೂ ತಿಂಗಳಿಗೊಮ್ಮೆ ಟ್ರಿಮ್ ನೋಡಿ, ಡ್ಯಾಶ್‌ಬೋರ್ಡ್ ಖಾನೆಯ ಪುಸ್ತಕದಲ್ಲಿ ಬರೆದಿಡುತ್ತೇನೆ. ಕಳೆದ ತಿಂಗಳು ಶೇ. 2 ಇತ್ತು.