ಸೋರುವ ಬೋಟ್ ಕಿಟಕಿ: ಬ್ಯೂಟೈಲ್ ಟೇಪಿಗೇ ನನ್ನ ಓಟು

ಮೊದಲೇ ಹೇಳಿಬಿಡುತ್ತೇನೆ. ಫ್ರೇಮ್ ಇಟ್ಟು ಸ್ಕ್ರೂ ಬಿಗಿಯುವ ಕಿಟಕಿಯಾದರೆ ಬ್ಯೂಟೈಲ್ ಟೇಪ್ (ಸಂದಿ ಮುಚ್ಚುವ ಮೆತ್ತನೆಯ ರಬ್ಬರಿನಂಥ ಅಂಟುಪಟ್ಟಿ) ತಗೊಳ್ಳಿ. ಬೇರೆ ಯಾವುದಕ್ಕೂ ದುಡ್ಡು ಹಾಕಬೇಡಿ.

ನಮ್ಮದು 27 ಅಡಿಯ ಹಳೇ ಹಾಯಿದೋಣಿ, ಸಿಯಾಟಲ್‌ನಲ್ಲಿ ನೀರಿನಲ್ಲೇ ನಿಂತಿರುತ್ತದೆ. ಇಲ್ಲಿ ಅಕ್ಟೋಬರ್‌ನಲ್ಲಿ ಹಿಡಿದ ಮಳೆ ಏಪ್ರಿಲ್ ಹೊತ್ತಿಗೂ ಪೂರ್ತಿ ಬಿಟ್ಟಿರಲ್ಲ. ಹಾಸಿಗೆ ಒದ್ದೆಯಾದರೆ ಒಣಗಿಸಬಹುದು. ಆದರೆ ಎಷ್ಟೋ ಬೋಟುಗಳಲ್ಲಿ ಕ್ಯಾಬಿನ್ ಗೋಡೆಯ ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಪ್ಲೈವುಡ್ಡೋ ಬಾಲ್ಸಾ ಮರವೋ ಇರುತ್ತದೆ. ಕಿಟಕಿ ಅಂಚಿಂದ ನೀರು ಅಲ್ಲಿಗೆ ಇಳಿದರೆ, ಹೊರಗೆ ಏನೂ ಕಾಣದೆ ಒಳಗೊಳಗೇ ಕೊಳೆಯುತ್ತದೆ. ಆ ರಿಪೇರಿ ಖರ್ಚು ಹಳೇ ಬೋಟಿನ ಬೆಲೆಯನ್ನೇ ಮೀರಬಹುದು.

ಎರಡೂ ಪಕ್ಕದ ಉದ್ದ ಕಿಟಕಿಗಳಿಗೆ ಅಲ್ಯೂಮಿನಿಯಂ ಫ್ರೇಮ್ ಇದೆ. ಮುಂದಿನ ಎರಡು ಚಿಕ್ಕವಕ್ಕೆ ಫ್ರೇಮ್ ಇಲ್ಲ, ಅಕ್ರಿಲಿಕ್ ಅನ್ನುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ನೇರ ಗೋಡೆಗೇ ಅಂಟಿಕೊಂಡಿರುತ್ತದೆ. ಎಡಗಡೆ ಫ್ರೇಮಿಗೆ ಪಾಲಿಯುರೆಥೇನ್ ಸೀಲೆಂಟ್ (ಟ್ಯೂಬಿನಿಂದ ಹಿಂಡಿ ಸಂದಿ ಮುಚ್ಚುವ ಅಂಟು) ಹಾಕಿದೆ. ಬಲಗಡೆಯದಕ್ಕೆ ಬ್ಯೂಟೈಲ್. ಚಿಕ್ಕವಕ್ಕೆ ವಿಎಚ್‌ಬಿ ಅನ್ನುವ ಎರಡೂ ಬದಿ ಅಂಟುವ ದಪ್ಪ ಟೇಪ್ ಮತ್ತು ಡೌಸಿಲ್ 795 ಅನ್ನುವ ಸಿಲಿಕೋನ್ ಸೀಲೆಂಟ್. ಬೋಟು ಒಂದೇ, ಮಳೆಯೂ ಒಂದೇ. ಹಾಗಾಗಿ ಹೋಲಿಸುವುದಕ್ಕೆ ಅನುಕೂಲವಾಯಿತು.

ಆದರೆ ಮೂರಕ್ಕೂ ಅಡ್ಡ ಬಂದಿದ್ದು ಒಂದೇ ವಿಷಯ: ಹಳೇ ಸಿಲಿಕೋನ್. ಹಿಂದಿನ ಮಾಲೀಕರು ಸೋರಿದಾಗಲೆಲ್ಲ ಬಾತ್‌ರೂಮಿಗೆ ಹಾಕುವ ಸಿಲಿಕೋನನ್ನು ಫ್ರೇಮಿನ ಹೊರ ಅಂಚಿಗೆ ಬಳಿದು ಬಿಟ್ಟಿದ್ದರು. ಇದರಿಂದ ಸೋರಿಕೆ ಕೆಲ ದಿನ ನಿಂತಂತೆ ಕಾಣುತ್ತದೆ, ಅಷ್ಟೇ. ನೀರು ಇನ್ನೊಂದು ಕಡೆಯಿಂದ ಒಳಗೆ ಬರುತ್ತದೆ, ಬಂದದ್ದು ಹೊರಗೆ ಹೋಗುವ ದಾರಿಯೂ ಮುಚ್ಚಿರುತ್ತದೆ.

ಫ್ರೇಮ್ ಕಿತ್ತ ಮೇಲೆ ನಿಜವಾದ ಕಾಟ ಶುರು. ದಪ್ಪ ಸಿಲಿಕೋನ್ ಬ್ಲೇಡಿಗೆ ಪಟ್ಟಿಪಟ್ಟಿಯಾಗಿ ಎದ್ದು ಬರುತ್ತದೆ. ಆಮೇಲೆ ಗೋಡೆ ಥಳಥಳ ಸ್ವಚ್ಛವಾಗಿ ಕಾಣುತ್ತದೆ. ಆದರೆ ಕಣ್ಣಿಗೆ ಕಾಣದ ತೆಳು ಪೊರೆ ಅಲ್ಲೇ ಇರುತ್ತದೆ. ಆ ಪೊರೆಯ ಮೇಲೆ ಪಾಲಿಯುರೆಥೇನೂ ಹಿಡಿಯಲ್ಲ, ಪೇಂಟೂ ಹಿಡಿಯಲ್ಲ, ಬ್ಯೂಟೈಲ್ ಕೂಡ ಅರೆಮನಸ್ಸಿನಿಂದ ಕೂರುತ್ತದೆ. ಅಸಿಟೋನಿನಲ್ಲಿ ಒರೆಸಿದರೆ ಹೋಗುತ್ತದೆ ಅಂತ ತುಂಬ ಜನ ಹೇಳುತ್ತಾರೆ. ಹೋಗಲ್ಲ. ಗಟ್ಟಿಯಾದ ಸಿಲಿಕೋನನ್ನು ಅಸಿಟೋನ್ ಕರಗಿಸುವುದಿಲ್ಲ, ಬಟ್ಟೆಯಲ್ಲಿ ಸವರಿ ಇನ್ನಷ್ಟು ಅಗಲಕ್ಕೆ ಹರಡುತ್ತದೆ. ಅದೇ ಬಟ್ಟೆ ಅಕ್ರಿಲಿಕ್‌ಗೆ ತಗುಲಿದರೆ ಹಾಳೆಯ ತುಂಬ ಕೂದಲೆಳೆಯಂಥ ಬಿರುಕು ಬೀಳುತ್ತದೆ.

ಉಪ್ಪುಕಾಗದ ಹಿಡಿದು ಉಜ್ಜೋಣ ಅನ್ನಿಸುತ್ತದೆ, ಅಲ್ವಾ? ಅದಕ್ಕೂ ಒಂದು ಕ್ರಮ ಇದೆ. ಮೊದಲೇ ಉಜ್ಜಿದರೆ ಸಿಲಿಕೋನ್ ಹೊಸ ಗೀರುಗಳ ಒಳಗೆ ಹೋಗಿ ಕೂರುತ್ತದೆ. ಮೊದಲು ಬ್ಲೇಡು, ಆಮೇಲೆ ಸಿಲಿಕೋನ್ ರಿಮೂವರ್ ಹಚ್ಚಿ ಕಾದು ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಮತ್ತೊಮ್ಮೆ ಕೆರೆಯಬೇಕು. ಕೊನೆಗೆ ಮಾತ್ರ ಉಪ್ಪುಕಾಗದ, ಅದೂ ಫ್ರೇಮಿನ ಕೆಳಗೆ ಮರೆಯಾಗುವ ಜಾಗದಲ್ಲಿ ಮಾತ್ರ. ಪ್ರತಿ ಸಲ ಹೊಸ ಬಟ್ಟೆ ತಗೊಳ್ಳಿ. ನಂತರ ನೀರು ಚಿಮುಕಿಸಿ ನೋಡಿ. ನೀರು ಮಣಿಮಣಿಯಾಗಿ ಉರುಳಿದರೆ ಸಿಲಿಕೋನ್ ಇನ್ನೂ ಇದೆ ಅಂತ ಲೆಕ್ಕ. ಹಾಳೆಯಂತೆ ಹರಡಿ ನಿಂತರೆ ಸ್ವಚ್ಛ. ನನಗೆ ಕಿಟಕಿ ಕೂರಿಸಿದ್ದಕ್ಕಿಂತ ಈ ಕೆಲಸಕ್ಕೇ ಜಾಸ್ತಿ ಹೊತ್ತು ಹೋಯಿತು. ಯಾವ ಸಾಮಾನು ಕೊಂಡರೂ ಈ ಹಂತ ತಪ್ಪಿಸುವಂತಿಲ್ಲ.

ಈಗ ಪಾಲಿಯುರೆಥೇನ್. ಸೋರಿಕೆ ನಿಂತಿದೆ, ಆ ಮಾತು ಒಪ್ಪುತ್ತೇನೆ. ಆದರೆ ಸ್ಕ್ರೂ ಬಿಗಿದಂತೆ ಎಲ್ಲ ಕಡೆಯಿಂದ ಉಕ್ಕಿ ಬಂದು ಕೈ, ಬಟ್ಟೆ, ಡೆಕ್ಕು ಎಲ್ಲಕ್ಕೂ ಮೆತ್ತಿಕೊಂಡಿತು. ಥಂಡಿಯಲ್ಲಿ ಗಟ್ಟಿಯಾಗುವುದೂ ನಿಧಾನ. ಇದಕ್ಕಿಂತ ನನಗೆ ಚಿಂತೆ ಮುಂದಿನದು. ಫ್ರೇಮ್ ಒಳಗಿನ ರಬ್ಬರ್ ಗ್ಯಾಸ್ಕೆಟ್ ಒಂದಲ್ಲ ಒಂದು ದಿನ ಕುಗ್ಗಿ ಮೂಲೆಯಲ್ಲಿ ಸಂದಿ ಬಿಡುತ್ತದೆ. ಅದನ್ನು ಬದಲಿಸಬೇಕಾದರೆ, ಪಾಲಿಯುರೆಥೇನ್ ಅಷ್ಟು ಬಲವಾಗಿ ಹಿಡಿದಿರುವಾಗ ಈ ತೆಳು ಅಲ್ಯೂಮಿನಿಯಂ ಫ್ರೇಮ್ ಬಗ್ಗದೆ ಕಿತ್ತು ಬರುವುದು ಅನುಮಾನ.

ವಿಎಚ್‌ಬಿ ಮತ್ತು 795 ಜೋಡಿ ಫ್ರೇಮ್ ಇಲ್ಲದ ಕಿಟಕಿಗೆ ಮಾತ್ರ. ಅಲ್ಲಿ ಅದನ್ನು ಬಿಟ್ಟರೆ ಬೇರೆ ಯೋಚನೆ ಬೇಡ. ಬಿಸಿಲಿಗೆ ಅಕ್ರಿಲಿಕ್ ಫೈಬರ್‌ಗ್ಲಾಸಿಗಿಂತ ಎಷ್ಟೋ ಜಾಸ್ತಿ ಹಿಗ್ಗುತ್ತದೆ. 1 ಮೀಟರ್ ಹಾಳೆ 30 ಡಿಗ್ರಿ ಸೆಲ್ಸಿಯಸ್ ಏರಿಳಿತಕ್ಕೆ ಸುಮಾರು 2 ಮಿಲಿಮೀಟರ್ ಓಡಾಡುತ್ತದೆ. ಆ ಓಡಾಟಕ್ಕೆ ಹೊಂದಿಕೊಳ್ಳುವಷ್ಟು ದಪ್ಪ, ಎಳೆದರೆ ಹಿಗ್ಗುವ ಅಂಟು ಬೇಕು. ಟೇಪ್ ಹಾಳೆಯನ್ನು ಹಿಡಿದುಕೊಳ್ಳುತ್ತದೆ, ಸುತ್ತಲಿನ ಸಂದಿಗೆ 795 ತುಂಬುತ್ತೇವೆ. ಟೇಪ್ ಒಮ್ಮೆ ಮುಟ್ಟಿದರೆ ಮುಗಿಯಿತು, ಸರಿಸಲಾಗದು. ಒಬ್ಬರೇ ಮಾಡುವ ಕೆಲಸವಲ್ಲ, ಜುಲೈನ ಒಣ ದಿನವೇ ಬೇಕು.

ಗೋಡೆಗೂ ಫ್ರೇಮಿಗೂ ನಡುವೆ ಕೂದಲೆಳೆ ಬಿರುಕು ಮಾತ್ರ ಇದ್ದರೆ ಕ್ಯಾಪ್ಟನ್ ಟಾಲೀಸ್ ಅನ್ನುವ, ಬಿರುಕಿನೊಳಗೆ ತಾನಾಗಿ ಇಳಿದು ಮುಚ್ಚುವ ದ್ರವ ಬಿಟ್ಟು ನೋಡಿ. ದೊಡ್ಡ ಸಂದಿಗೆ ಅದು ಸಾಲದು.

ಬ್ಯೂಟೈಲಿಗೆ ಬಂದರೆ, ರೋಲ್ ಬಿಚ್ಚಿದರೆ ಕೈಗೆ ಹಲಸಿನ ಹಣ್ಣಿನ ಮೇಣದಂತೆ ಅಂಟುತ್ತದೆ, ಆದರೆ ಯಾವತ್ತೂ ಒಣಗಿ ಗಟ್ಟಿಯಾಗುವುದಿಲ್ಲ. ಅದೇ ಅದರ ಗುಣ. ಕಾಯುವ ಹಂಗಿಲ್ಲ, ಟ್ಯೂಬ್ ಒಣಗುತ್ತದೆ ಅನ್ನುವ ಆತುರ ಇಲ್ಲ. ಶನಿವಾರ ಮಧ್ಯಾಹ್ನ ಅರ್ಧ ಫ್ರೇಮಿಗೆ ಟೇಪ್ ಸುತ್ತಿ, ಮಳೆ ಬಂತು ಅಂತ ಬಿಟ್ಟು, ಮುಂದಿನ ವಾರ ಮುಂದುವರಿಸಿದೆ. ವಾರಕ್ಕೆ ಕೆಲವೇ ಗಂಟೆ ಸಿಗುವ ನನ್ನಂಥವರಿಗೆ ಇದಕ್ಕಿಂತ ಇನ್ನೇನು ಬೇಕು? ಒಂದು ರೋಲಿಗೆ ಸುಮಾರು 20 ಡಾಲರ್ ಕೊಟ್ಟೆ, ಒಂದು ಕಿಟಕಿ ಮುಗಿದು ಮಿಕ್ಕಿದೆ.

ಫ್ರೇಮಿನ ಸುತ್ತ ಒಂದು ಪಟ್ಟಿ, ಪ್ರತಿ ಸ್ಕ್ರೂ ತಲೆಯ ಕೆಳಗೆ ಒಂದು ತೆಳು ಸುರುಳಿ. ಥಂಡಿಯಲ್ಲಿ ಟೇಪ್ ಬಿರುಸಾಗುತ್ತದೆ, ರೋಲನ್ನು ಸ್ವಲ್ಪ ಹೊತ್ತು ಜಾಕೆಟ್ ಒಳಗಿಟ್ಟುಕೊಂಡರೆ ಮೆತ್ತಗಾಗುತ್ತದೆ. ಗೋಡೆಗೆ ಮೆತ್ತಿದ ಚೂರುಗಳನ್ನು ಕೆರೆಯಬೇಡಿ. ಬ್ಯೂಟೈಲಿನದೇ ಉಂಡೆ ಮಾಡಿ ಮೇಲೆ ಒತ್ತಿ ಎತ್ತಿದರೆ ಅವು ಅದಕ್ಕೇ ಅಂಟಿ ಬರುತ್ತವೆ. ಅಂಗಡಿಯಲ್ಲಿ ಛಾವಣಿಗೆ ಹಾಕುವ ಕಪ್ಪು ಡಾಂಬರು ಟೇಪನ್ನೂ ಇದರ ಪಕ್ಕದಲ್ಲೇ ಇಟ್ಟಿರುತ್ತಾರೆ, ಅದು ಬೇಡ. ಡೀಸೆಲ್ ತಾಗುವ ಕಡೆ ಬ್ಯೂಟೈಲ್ ಹಾಕಬೇಡಿ, ಕರಗುತ್ತದೆ. ಅಂಚಿಗೆ ಧೂಳೂ ಮೆತ್ತುತ್ತದೆ. ನನಗೆ ಅದು ತೊಂದರೆ ಅನ್ನಿಸಿಲ್ಲ.

ಸ್ಕ್ರೂಗಳನ್ನು ಒಂದೇ ಸಲ ಬಿಗಿಯಾಗಿ ತಿರುಗಿಸಬೇಡಿ. ಇವತ್ತು ಸ್ವಲ್ಪ, ಎರಡು ದಿನ ಬಿಟ್ಟು ಇನ್ನಷ್ಟು, ಬೇಸಿಗೆಯ ಮೊದಲ ಬಿಸಿಲಿಗೆ ಮತ್ತೆ ಕಾಲು ಸುತ್ತು. ಆಗ ಅಂಚಿಂದ ಹೊರಗೆ ಬಂದಷ್ಟನ್ನು ಪ್ಲಾಸ್ಟಿಕ್ ಚಾಕುವಿನಿಂದ ಕತ್ತರಿಸಿ ತೆಗೆದರೆ ಆಯಿತು.