10/22 ಹ್ಯಾಮರ್‌ಗೆ ಅರ ಹಾಕಬೇಡಿ: ಒಂದು ರೈಫಲ್ ಸಿಡಿದ ಬಗೆ

ಒಮ್ಮೆ ಟ್ರಿಗರ್ ಎಳೆದದ್ದಕ್ಕೆ ಎರಡು ಗುಂಡು ಹಾರಿದವು. ಅಲ್ಲಿಗೇ ಮ್ಯಾಗಜೀನ್ ತೆಗೆದು ಕೋವಿಯನ್ನು ಬದಿಗಿಡಬೇಕಿತ್ತು. "ತೋಟಾ ಸರಿಯಿಲ್ಲ" ಎಂದುಕೊಂಡು ಹೊಡೆಯುವುದು ಮುಂದುವರಿಯಿತು. ಮತ್ತೆ ನಾಲ್ಕೈದು ಗುಂಡು ಆಗುವಷ್ಟರಲ್ಲಿ ತೋಟಾವನ್ನು ಹಿಂದಿನಿಂದ ಒತ್ತಿ ಮುಚ್ಚುವ ಉಕ್ಕಿನ ತುಂಡಾದ ಬೋಲ್ಟ್ ಪೂರ್ತಿ ಮುಚ್ಚುವ ಮೊದಲೇ ಒಂದು ತೋಟಾ ಸಿಡಿಯಿತು. ಹಿತ್ತಾಳೆ ಕೇಸಿನ ಬುಡ ಹರಿದು, ಬಿಸಿ ಹೊಗೆ ಕೆಳಗಡೆ ಮ್ಯಾಗಜೀನಿನ ಕಡೆಗೂ ಬಲಗಡೆ ಖಾಲಿ ಕೇಸು ಹೊರಬೀಳುವ ಕಿಂಡಿಯ ಕಡೆಗೂ ನುಗ್ಗಿತು. ಖಾಲಿ ಕೇಸು ಎಳೆಯುವ ಕೊಕ್ಕೆ, ಎಕ್ಸ್‌ಟ್ರಾಕ್ಟರ್, ಹಾರಿಹೋಯಿತು, ಮ್ಯಾಗಜೀನ್ ಬಿರುಕುಬಿಟ್ಟಿತು, ಹಿತ್ತಾಳೆಯ ಸಣ್ಣ ಚೂರುಗಳು ಎಡ ಅಂಗೈಗೆ ಹೊಕ್ಕವು. ಕನ್ನಡಕ ಇದ್ದದ್ದರಿಂದ ಕಣ್ಣು ಉಳಿಯಿತು.

ಅಮೆರಿಕದಲ್ಲಿ .22 ಎಂಬ ಸಣ್ಣ ತೋಟಾದ ಹವ್ಯಾಸದವರ ಮನೆಯಲ್ಲೆಲ್ಲ ಕಾಣುವ ರೂಗರ್ 10/22 ಅದು. 1964ರಿಂದ ಬರುತ್ತಿರುವ, ಹತ್ತು ತೋಟಾ ಹಿಡಿಯುವ ಗುಂಡನೆ ಮ್ಯಾಗಜೀನಿನ ಸೆಮಿ ಆಟೋಮ್ಯಾಟಿಕ್, ಅಂದರೆ ಒಂದು ಎಳೆತಕ್ಕೆ ಒಂದೇ ಗುಂಡು ಹಾರಿಸಿ ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವಂಥದ್ದು. ಎರಡು ಅಲೆನ್ ಸ್ಕ್ರೂ ಬಿಚ್ಚಿದರೆ ಬ್ಯಾರೆಲ್ ಕೈಗೆ ಬರುತ್ತದೆ, ಎರಡು ಪಿನ್ನು ತಳ್ಳಿದರೆ ಟ್ರಿಗರ್ ಡಬ್ಬವೇ ಕಳಚುತ್ತದೆ. ಬಿಚ್ಚುವುದು ಇಷ್ಟು ಸುಲಭವಾದ್ದರಿಂದಲೇ ಇದರ ಮೇಲೆ ಎಲ್ಲರೂ ಕೈಯಾಡಿಸುತ್ತಾರೆ.

ಆ ರೈಫಲ್‌ಗೆ ಒಂದೇ ವಾರಾಂತ್ಯದಲ್ಲಿ ಮೂರು ಕೆಲಸ ಆಗಿತ್ತು. ಫೈರಿಂಗ್ ಪಿನ್ನಿಗೆ ಬಡಿಯುವ ಹ್ಯಾಮರ್ ಮತ್ತು ಟ್ರಿಗರ್ ಎಳೆಯುವವರೆಗೆ ಅದನ್ನು ಹಿಡಿದಿಡುವ ಸಿಯರ್ ಒಂದಕ್ಕೊಂದು ಕಚ್ಚಿಕೊಳ್ಳುವ ಅಂಚನ್ನು ಮನೆಯಲ್ಲೇ ಕಲ್ಲಿನಲ್ಲಿ ಉಜ್ಜಿ, ಆನ್‌ಲೈನಿನಲ್ಲಿ ಸಿಕ್ಕ ಅಗ್ಗದ ಹಗುರ ಸ್ಪ್ರಿಂಗ್ ಕಿಟ್ ಹಾಕಲಾಗಿತ್ತು. ಮೂಲ ಬ್ಯಾರೆಲ್ ತೆಗೆದು ಬಿಗಿ ಮ್ಯಾಚ್ ಚೇಂಬರಿನ (ಚೇಂಬರ್ ಎಂದರೆ ತೋಟಾ ಕೂರುವ ಗೂಡು, ಮ್ಯಾಚ್ ಎಂದರೆ ಸ್ಪರ್ಧೆಗೆಂದು ಮಾಡಿದ್ದು) ದಪ್ಪ ಬ್ಯಾರೆಲ್ ಕೂರಿಸಲಾಗಿತ್ತು. ತೋಟಾವನ್ನು ಜಜ್ಜಿ ಹೊತ್ತಿಸುವ ಮೂಲ ಫೈರಿಂಗ್ ಪಿನ್ನಿನ ಜಾಗಕ್ಕೆ ಬೇರೆಡೆಯ, ತುಸು ಉದ್ದದ ಪಿನ್ ಬಂದಿತ್ತು. ಒಂದೊಂದೇ ಆಗಿದ್ದರೆ ಬಹುಶಃ ಗುರಿ ತಪ್ಪುವುದೋ ತೋಟಾ ಸಿಕ್ಕಿಕೊಳ್ಳುವುದೋ ಆಗಿ ಮುಗಿಯುತ್ತಿತ್ತು. ಮೂರೂ ಸೇರಿ ಕೈ ಸುಟ್ಟವು.

ಹೇಗೆಂದರೆ, .22 ಲಾಂಗ್ ರೈಫಲ್ ತೋಟಾದಲ್ಲಿ ಸಿಡಿಮದ್ದು ಬುಡದ ನಡುವೆ ಇರುವುದಿಲ್ಲ, ಸುತ್ತಲ ಅಂಚಿನ ಮಡಿಕೆಯೊಳಗೆ ಇರುತ್ತದೆ. ಆ ಅಂಚು ಎಲ್ಲಿ ಜಜ್ಜಿದರೂ ಹೊತ್ತಿಕೊಳ್ಳುತ್ತದೆ. 10/22ರ ಬೋಲ್ಟಿಗೆ ಬೀಗವೂ ಇಲ್ಲ. ಬೋಲ್ಟಿನ ತೂಕ ಮತ್ತು ಅದರ ಹಿಂದಿನ ಸ್ಪ್ರಿಂಗ್ ಮಾತ್ರ ತೋಟಾವನ್ನು ಒತ್ತಿ ಹಿಡಿದಿರುತ್ತವೆ. ಈ ತೋಟಾದ ಒಪ್ಪಿತ ಗರಿಷ್ಠ ಒತ್ತಡ 24,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್). ಕೇಸು ಚೇಂಬರಿನೊಳಗೆ ಪೂರ್ತಿ ಕೂತಿದ್ದರೆ ಸುತ್ತಲಿನ ಉಕ್ಕು ಅದನ್ನು ತಡೆಯುತ್ತದೆ. ಒಂದೆರಡು ಮಿಲಿಮೀಟರ್ ಹೊರಗಿದ್ದರೆ ತಡೆಯುವುದು ಬರೀ ತೆಳು ಹಿತ್ತಾಳೆ.

ಬಿಗಿ ಚೇಂಬರಿಗೆ ಮೇಣ ಮೆತ್ತಿದ ಅಗ್ಗದ ಬಲ್ಕ್ ತೋಟಾ ಹಾಕಿದ್ದರಿಂದ ಅದು ಪೂರ್ತಿ ಒಳಗೆ ಹೋಗಲಿಲ್ಲ. ಉಜ್ಜಿ ಸವೆದ ಅಂಚಿಗೆ ಹ್ಯಾಮರನ್ನು ಹಿಡಿದಿಡುವ ಶಕ್ತಿ ಉಳಿದಿರಲಿಲ್ಲ. ಬೋಲ್ಟ್ ಮುಂದಕ್ಕೆ ಹೋಗುವ ಹೊಡೆತಕ್ಕೇ ಹ್ಯಾಮರ್ ಕಳಚಿಕೊಂಡು ಬೋಲ್ಟಿನ ಬೆನ್ನು ಹತ್ತಿತು. ಉದ್ದದ ಪಿನ್ ಮಿಕ್ಕದ್ದನ್ನು ಮುಗಿಸಿತು. ಅದೇ ಪಿನ್ನಿನ ಇನ್ನೊಂದು ಕೇಡು ಬಿಚ್ಚಿದ ಮೇಲೆ ಕಂಡಿತು. ಚೇಂಬರಿನ ಬಾಯಂಚಿನಲ್ಲಿ ಉಗುರು ಒತ್ತಿದಂಥ ಸಣ್ಣ ತಗ್ಗು. ಖಾಲಿ ಕೋವಿಯ ಟ್ರಿಗರ್ ಎಳೆದಾಗಲೆಲ್ಲ ಪಿನ್ ಉಕ್ಕಿಗೇ ಬಡಿದು ಆದದ್ದು. ಆ ತಗ್ಗು ಹೊರಗೆ ತಳ್ಳಿದ ಉಬ್ಬು ತೋಟಾವನ್ನು ಒಳಗೆ ಹೋಗದಂತೆ ಮತ್ತಷ್ಟು ತಡೆಯುತ್ತದೆ. ಮೂಲ ಪಿನ್ನಿನಲ್ಲಿ ಈ ತೊಂದರೆ ಇಲ್ಲ, ಖಾಲಿ ಎಳೆದರೂ ಅಂಚಿಗೆ ತಾಗದಂತೆ ಅದು ಮೊದಲೇ ನಿಲ್ಲುತ್ತದೆ.

ಕಾರ್ಖಾನೆಯ ಟ್ರಿಗರ್ ಸುಮಾರು 6 ಪೌಂಡ್ ಎಳೆತ ಕೇಳುತ್ತದೆ, ಒರಟು ಎನ್ನುವುದು ನಿಜ. ಅದಕ್ಕೆ ಮದ್ದು ಅರವಲ್ಲ. ರೂಗರ್‌ನದೇ ಬಿಎಕ್ಸ್ ಟ್ರಿಗರ್ ಇಡೀ ಡಬ್ಬವಾಗಿ ಬರುತ್ತದೆ, ಎಳೆತ 2.5ರಿಂದ 3 ಪೌಂಡ್. ಎರಡು ಪಿನ್ ತೆಗೆದು ಹಾಕಿದರೆ ಹತ್ತು ನಿಮಿಷದ ಕೆಲಸ. ಕಲ್ಲಿನಲ್ಲಿ ಉಜ್ಜುವಾಗ ಎಷ್ಟು ತೆಗೆದಿರಿ ಎನ್ನುವುದಕ್ಕಿಂತ ಕೋನ ಎಷ್ಟು ತಿರುಗಿತು ಎನ್ನುವುದು ಮುಖ್ಯ, ಅದು ಬರಿಗಣ್ಣಿಗೆ ಕಾಣುವುದೇ ಇಲ್ಲ. ಫೋನಿನಲ್ಲಿ ವಿಡಿಯೊ ನೋಡುತ್ತಾ ಬೆರಳಿನಲ್ಲಿ ಕಲ್ಲು ಹಿಡಿದು ಕೋನ ಕಾಯುತ್ತೇವೆ ಎನ್ನುವುದು ಬರೀ ಭ್ರಮೆ.

ಬ್ಯಾರೆಲ್ ಬದಲಿಸುವವರು ಮೊದಲು ಕೇಳಬೇಕಾದದ್ದು ಚೇಂಬರ್ ಯಾವುದು ಎಂದು. ಬೆಂಟ್ಜ್ ಚೇಂಬರ್ ಸೆಮಿ ಆಟೋಮ್ಯಾಟಿಕ್‌ಗೆ ಹೊಂದುವಷ್ಟು ಸಡಿಲ, ಸಾಮಾನ್ಯ ಚೇಂಬರಿಗಿಂತ ಬಿಗಿ. ಅದಕ್ಕಿಂತ ಬಿಗಿಯಾದ ಮ್ಯಾಚ್ ಚೇಂಬರಿಗೆ ಸಿಸಿಐ ಕಂಪನಿಯ ಸ್ಟಿಂಗರ್ ತೋಟಾ ಹಾಕಲೇಬಾರದು. ಅದರ ಕೇಸು ಮಾಮೂಲಿ .22ಕ್ಕಿಂತ ಉದ್ದ, ಚೇಂಬರಿನ ತುದಿಯಲ್ಲಿ ಒತ್ತಿಕೊಂಡು ಒತ್ತಡ ಏರುತ್ತದೆ. ಹೆಡ್‌ಸ್ಪೇಸ್, ಅಂದರೆ ತೋಟಾದ ಅಂಚಿಗೆ ಬೋಲ್ಟ್ ಮತ್ತು ಬ್ಯಾರೆಲ್ ನಡುವೆ ಬಿಟ್ಟ ಜಾಗ, ಕನಿಷ್ಠ 0.043 ಇಂಚು ಬೇಕು. ಮಿಲಿಮೀಟರಿನಲ್ಲಿ 1.09. ಒಬ್ಬರ ಬೋಲ್ಟು, ಇನ್ನೊಬ್ಬರ ಬ್ಯಾರೆಲ್ಲು ಕೂಡಿಸಿದರೆ ಈ ಲೆಕ್ಕ ಯಾರೂ ನೋಡಿರುವುದಿಲ್ಲ. ಗೇಜು ಇಲ್ಲದಿದ್ದರೆ ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್ ಹತ್ತಿರ ಅಳೆಸಿ.

ಇನ್ನು ಸ್ಕ್ರೂ. ಬ್ಯಾರೆಲ್ಲನ್ನು ಹಿಡಿಯುವ ವಿ-ಬ್ಲಾಕಿನ ಎರಡು ಸ್ಕ್ರೂಗಳು ಕೂರುವುದು ಅಲ್ಯೂಮಿನಿಯಂ ರಿಸೀವರಿನಲ್ಲಿ, ಅಂದರೆ ಬೋಲ್ಟ್ ಓಡಾಡುವ ಕೋವಿಯ ಮೈಯಲ್ಲಿ. ಇವುಗಳ ಟಾರ್ಕ್, ಅಂದರೆ ಬಿಗಿಯುವ ಬಲ, ಹೇಳುವುದು ಇಂಚ್-ಪೌಂಡ್‌ನಲ್ಲಿ. ಗ್ಯಾರೇಜಿನಲ್ಲಿ ಕಾರಿನ ಚಕ್ರ ಬಿಗಿಯುವ ಟಾರ್ಕ್ ರೆಂಚು ತೋರಿಸುವುದು ಫುಟ್-ಪೌಂಡ್. ಅಂಕಿ ಒಂದೇ, ಬಲ ಹನ್ನೆರಡು ಪಟ್ಟು. ಸ್ಕ್ರೂ ಕೂರುವ ತೂತಿನ ಮರೆ ಕಿತ್ತುಬರುವುದಕ್ಕೆ ಅರ್ಧ ಸುತ್ತು ಸಾಕು. ಕಿತ್ತುಬರದಿದ್ದರೂ ಅತಿಬಿಗಿ ವಿ-ಬ್ಲಾಕ್ ಬ್ಯಾರೆಲ್ಲಿನ ಬುಡವನ್ನು ಕೆಳಕ್ಕೆ ಜಗ್ಗಿ ಮೂತಿ ಬಾಗಿಸುತ್ತದೆ, ಸ್ಕೋಪಿನ ತಿರುಪು ಪೂರ್ತಿ ಮೇಲೆ ತಿರುಗಿಸಿದರೂ ಗುಂಡು ಕೆಳಗೇ ಬೀಳುತ್ತದೆ. ಬ್ಯಾರೆಲ್ ಮಾಡಿದವರ ಹಾಳೆಯಲ್ಲಿರುವ ಅಂಕಿಗೆ, ಎರಡೂ ಸ್ಕ್ರೂಗಳನ್ನು ಕಾಲು ಕಾಲು ಸುತ್ತು ಸರದಿಯಲ್ಲಿ ಬಿಗಿಯಿರಿ. ಸ್ಕೋಪ್ ಬೇಸಿನ ಪುಟ್ಟ ಸ್ಕ್ರೂಗಳಿಗೂ ಇದೇ ಮಾತು. ಸ್ಕ್ರೂ ಸಡಿಲವಾಗದಂತೆ ಹಾಕುವ ಅಂಟು ಲಾಕ್‌ಟೈಟ್‌ನಲ್ಲಿ ಕೆಂಪು ಎಲ್ಲೂ ಬೇಡ, ಬೇಕೆಂದರೆ ನೀಲಿ, ಒಂದು ಹನಿ.

0.920 ಇಂಚಿನ ದಪ್ಪ ಬ್ಯಾರೆಲ್ ಮೂಲ ಮರದ ಸ್ಟಾಕಿನಲ್ಲಿ ಕೂರುವುದಿಲ್ಲ, ಬ್ಯಾರೆಲ್ ಕೂರುವ ತೋಡು ಅಗಲಿಸಬೇಕು. ಅಗಲಿಸಿದ ಮೇಲೆ ಬ್ಯಾರೆಲ್ ಮತ್ತು ಮರದ ನಡುವೆ ಡಾಲರ್ ನೋಟು ತೂರಿಸಿ ಎಳೆಯಿರಿ. ಒಂದು ಬದಿಯಲ್ಲಿ ಸಿಕ್ಕಿಕೊಂಡರೆ ಬಿಸಿಯಾದಂತೆಲ್ಲ ಗುಂಡು ಒಂದು ಬದಿಗೆ ವಾಲುವುದನ್ನು ಗುರಿಹಲಗೆಯ ಮೇಲೆ ಕಾಣುತ್ತೀರಿ. ಹಿಂದೆ ಹಾಕುವ ಪ್ಲಾಸ್ಟಿಕ್ ಬಫರ್ ಪಿನ್, ಬೋಲ್ಟ್ ತಾನೇ ಬಿಡುವ ತಗಡು, ಇವೆಲ್ಲ ನಿರಪಾಯ. ಖುಷಿಗೆ ಹಾಕಿಕೊಳ್ಳಿ.

ಟ್ರಿಗರ್ ಡಬ್ಬ ಮುಟ್ಟಿದ ಮೇಲೆ ಗುಂಡು ಹಾಕುವ ಮೊದಲು ಇಷ್ಟು ಮಾಡಲೇಬೇಕು. ಮ್ಯಾಗಜೀನ್ ಹೊರಗೆ, ಚೇಂಬರಿಗೆ ಕಣ್ಣೂ ಕಿರುಬೆರಳೂ ಎರಡೂ ಹಾಕಿ ಖಾಲಿ ಎಂದು ನೋಡಿ. ಬೋಲ್ಟನ್ನು ಪೂರ್ತಿ ಹಿಂದೆಳೆದು ಕೈಬಿಡಿ, ಆಮೇಲೆ ಟ್ರಿಗರ್ ಎಳೆಯಿರಿ. ಹ್ಯಾಮರ್ ಬಿದ್ದ ಟಕ್ ಕೇಳಬೇಕು. ಕೇಳದಿದ್ದರೆ ಅದು ಬೋಲ್ಟಿನ ಜತೆಗೇ ಬಿದ್ದಿದೆ ಎಂದರ್ಥ. ಇಪ್ಪತ್ತು ಸಲ ಮಾಡಿ, ಒಂದು ಸಲ ತಪ್ಪಿದರೂ ಆ ಭಾಗ ಕಸಕ್ಕೆ. ನಂತರ ಟ್ರಿಗರ್ ಎಳೆದು ಹಿಡಿದುಕೊಂಡೇ ಬೋಲ್ಟ್ ಆಡಿಸಿ, ಟ್ರಿಗರನ್ನು ನಿಧಾನ ಬಿಟ್ಟಾಗ ಮರುಹಿಡಿತದ ಸಣ್ಣ ಸದ್ದು ಬರಬೇಕು, ಮತ್ತೆ ಎಳೆದರೆ ಮಾತ್ರ ಹ್ಯಾಮರ್ ಬೀಳಬೇಕು. ಬೋಲ್ಟ್ ಎಳೆದುಬಿಟ್ಟು ಹ್ಯಾಮರ್ ಏರಿಸಿ, ಸೇಫ್ಟಿ ಹಾಕಿ ಟ್ರಿಗರನ್ನು ಜೋರಾಗಿ ಎಳೆಯಿರಿ, ಕೈ ಬಿಟ್ಟು ಸೇಫ್ಟಿ ತೆಗೆಯಿರಿ. ಆಗ ಹ್ಯಾಮರ್ ತಾನಾಗಿ ಬಿದ್ದರೆ ಸೇಫ್ಟಿ ಇದ್ದೂ ಇಲ್ಲದ ಹಾಗೆ. ಕೊನೆಗೆ ಹ್ಯಾಮರ್ ಏರಿಸಿಯೇ ಹಿಂಬದಿಯನ್ನು ರಬ್ಬರ್ ಚಾಪೆಯ ಮೇಲೆ ಕುಟ್ಟಿ ನೋಡಿ, ಹ್ಯಾಮರ್ ಬೀಳಬಾರದು. ರೇಂಜಿಗೆ ಹೋದ ಮೇಲೂ ಮೊದಲ ಹತ್ತು ಸರ್ತಿ ಮ್ಯಾಗಜೀನಿಗೆ ಎರಡೇ ತೋಟಾ.

ಎರಡು ಗುಂಡು ಹಾರುವುದು ಬರೀ ಕೈಗೆ ಅಪಾಯವಲ್ಲ. ಟ್ರಿಗರಿನ ಒಂದು ಎಳೆತಕ್ಕೆ ಒಂದಕ್ಕಿಂತ ಹೆಚ್ಚು ಗುಂಡು ಹಾರಿಸುವ ಆಯುಧ ಅಮೆರಿಕದ ಫೆಡರಲ್ ಕಾನೂನಿನ ವ್ಯಾಖ್ಯೆಯಲ್ಲಿ ಮಷೀನ್‌ಗನ್. ಬೇಕೆಂದು ಮಾಡಿದ್ದಲ್ಲ ಎಂದು ವಾದಿಸುವ ಸ್ಥಿತಿಗೇ ಹೋಗಬೇಡಿ, ಒಮ್ಮೆ ಹಾಗಾದರೆ ಅಲ್ಲೇ ಖಾಲಿ ಮಾಡಿ ದುರಸ್ತಿಗೆ ಕೊಡಿ. ಮೊದಲೇ ಅನುಮತಿ ಪಡೆಯದೆ ಬ್ಯಾರೆಲ್ 16 ಇಂಚಿಗಿಂತ, ಇಡೀ ಉದ್ದ 26 ಇಂಚಿಗಿಂತ ಕಡಿಮೆ ಮಾಡುವಂತಿಲ್ಲ. ಅದೇ ಮನೆತನದ ಚಾರ್ಜರ್ ಪಿಸ್ತೂಲಿಗೆ ಭುಜಕ್ಕೊರಗುವ ಸ್ಟಾಕ್ ಸಿಕ್ಕಿಸಿದರೆ, ಮೊದಲೇ ನೋಂದಣಿಗೆ ಅನುಮತಿ ಪಡೆಯದಿದ್ದರೆ, ಅಪರಾಧ.

ನಮ್ಮವರಿಗೆ ಇನ್ನೆರಡು ಮಾತು. ಎಚ್-1ಬಿ ವೀಸಾದಲ್ಲಿರುವವರು ಬಂದೂಕು ಅಥವಾ ತೋಟಾ ಇಟ್ಟುಕೊಳ್ಳುವುದು ಅಲ್ಲಿ ಸಾಮಾನ್ಯವಾಗಿ ನಿಷಿದ್ಧ. ಮಾನ್ಯ ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ, ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಗೆಳೆಯನ ರೈಫಲ್ ರಿಪೇರಿಗೆಂದು ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ವಾರ ಇಟ್ಟುಕೊಂಡರೂ ಅದು ಇಟ್ಟುಕೊಂಡಂತೆಯೇ. ಎರಡನೆಯದು, ಊರಿಗೆ ಹೊರಡುವ ಸೂಟ್‌ಕೇಸು. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆ ಬಿಡಿಭಾಗಗಳನ್ನೂ ಆಯುಧ ಎಂದೇ ಎಣಿಸುತ್ತದೆ, ಅಣ್ಣನ ಮಗನಿಗೆಂದು ಹಳೆ ಬ್ಯಾರೆಲ್ ಒಯ್ಯುವ ಯೋಚನೆ ಬೇಡ. ರೇಂಜಿಗೆ ಬಳಸಿದ ಬ್ಯಾಗನ್ನೇ ಪ್ರಯಾಣಕ್ಕೆ ತೆಗೆದುಕೊಳ್ಳುವವರು ಅದನ್ನು ತಲೆಕೆಳಗು ಮಾಡಿ ಕೊಡವಿ, ಒಳಗಿನ ಅಸ್ತರಿನ ಹೊಲಿಗೆಯಲ್ಲಿ ಬೆರಳಾಡಿಸಿ. .22 ತೋಟಾ ಒಂದು ಇಂಚಷ್ಟೇ ಉದ್ದ, ಜೇಬಿನ ಮೂಲೆಯಲ್ಲಿ ಪೆನ್ನಿನ ಮುಚ್ಚಳದ ಹಾಗೆ ಕೂತಿರುತ್ತದೆ, ದೇವನಹಳ್ಳಿಯ ಎಕ್ಸ್‌ರೇ ಯಂತ್ರಕ್ಕೆ ಮಾತ್ರ ಚೆನ್ನಾಗಿ ಕಾಣುತ್ತದೆ.